ಹಲಗೆ ಸರಿದ ಎರಡು ಬೆರಳು

ಮಗು ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಬಗ್ಗಿ ನೋಡುವುದು ಗೂಟದಕ್ಕನ ಮೊದಲ ಕೆಲಸ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಂದ ಹುಡುಗಿಯ ಪಾದ ತಾಗಲಿಲ್ಲ. ಮೇಜಿನಡಿಯಿಂದ ಮಣೆ ಎಳೆದು ಅವಳ ಕಾಲ ಕೆಳಗೆ ಇಟ್ಟರು. ಕಾಲು ತೂಗಾಡಿದರೆ ಬೆನ್ನು ನಿಲ್ಲುವುದಿಲ್ಲ, ಬೆನ್ನು ನಿಲ್ಲದಿದ್ದರೆ ಕೈಗೆ ಆಸರೆಯಿಲ್ಲ.

ಗೂಟದಕ್ಕ ಎಂಬ ಹೆಸರು ಮಕ್ಕಳು ಇಟ್ಟದ್ದು. ನೇಮಕದ ಕಾಗದದಲ್ಲಿರುವ ಹುದ್ದೆಯ ಹೆಸರು ಎಷ್ಟು ಉದ್ದವೆಂದರೆ ಅದನ್ನು ಒಂದೇ ಉಸಿರಿಗೆ ಹೇಳಿದ ಮಗು ಇನ್ನೂ ಹುಟ್ಟಿಲ್ಲ. ಕೆಲಸವನ್ನು ಹೇಳುವುದು ಸುಲಭ: ಶಾಲಾ ಮಕ್ಕಳ ಕೈ ಎಷ್ಟು ಚುರುಕು ಎಂದು ಅಳೆಯುವುದು, ಹಿಂದುಳಿದ ಕೈಗೆ ವ್ಯಾಯಾಮ ಮಾಡಿಸುವುದು. ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯೇ ಅವರ ಕಾರ್ಯಾಲಯ. ಕಿಟಕಿ ತೆರೆದರೂ ಹಳೆಯ ಚೆಂಡಿನ ರಬ್ಬರ್ ವಾಸನೆ ಹೋಗಿಲ್ಲ. ಮೇಜಿನ ಮೇಲೆ ಒಂಬತ್ತು ತೂತಿನ ಮರದ ಹಲಗೆ, ಒಂದು ತಟ್ಟೆ, ತಟ್ಟೆಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂಬತ್ತು ಗೂಟಗಳು. ಮಗು ಒಂದೊಂದನ್ನೇ ಎತ್ತಿ ತೂತಿಗೆ ನೆಡಬೇಕು, ಮತ್ತೆ ಒಂದೊಂದನ್ನೇ ಕಿತ್ತು ತಟ್ಟೆಗೆ ಹಾಕಬೇಕು. ಅಷ್ಟೂ ಹೊತ್ತು ಗಡಿಯಾರ ಓಡುತ್ತಿರುತ್ತದೆ.

ಹುಡುಗಿಗೆ ಹತ್ತು ವರ್ಷ. ಹುಟ್ಟಿನಿಂದ ಎಡಗೈ ಮಂದ. ವಾರಕ್ಕೆ ಎರಡು ಗಂಟೆ ವ್ಯಾಯಾಮ. ಮಂದವಾದ ಕೈ ನಲವತ್ತು ಸೆಕೆಂಡಿನೊಳಗೆ ಮುಗಿಸಿದರೆ ಹೆಸರು ಪಟ್ಟಿಯಿಂದ ಇಳಿಯುತ್ತದೆ, ಕಾಯುತ್ತಿರುವ ಇನ್ನೊಂದು ಮಗುವಿಗೆ ಜಾಗ. ಹಿಂದಿನ ವಾರ ಗೂಟದಕ್ಕ ಅಳೆದಾಗ ಮೂವತ್ತಾರು ಬಂದಿತ್ತು. ಶುಕ್ರವಾರ ಪಟ್ಟಿ ಕಚೇರಿಗೆ ಹೋದರೆ ಆ ಎರಡು ಗಂಟೆ ಮುಗಿದಂತೆ.

ಹುಡುಗಿಯನ್ನು ಕರೆತರುವ ಅಜ್ಜಿಗೆ ಆ ಅಂಕಿ ಗಂಟಲಲ್ಲಿ ಇಳಿದಿರಲಿಲ್ಲ.

“ನೀವು ಮೂವತ್ತಾರು ಅಂತೀರಿ, ಸಂತೋಷ. ಮನೇಲಿ ಮಾತ್ರ ಅಂಗಿ ಗುಂಡಿ ಹಾಕೋಕೆ ಇನ್ನೂ ಹಲ್ಲಲ್ಲಿ ಕಚ್ಚಿ ಎಳೀತಾಳೆ. ಗಡಿಯಾರಕ್ಕೆ ಗುಂಡಿ ಇಲ್ವಲ್ಲ, ಅದಕ್ಕೇನು ಗೊತ್ತಾಗುತ್ತೆ?”

“ಗಡಿಯಾರ ಸುಳ್ಳು ಹೇಳಲ್ಲ ಅಮ್ಮ,” ಎಂದಿದ್ದರು ಗೂಟದಕ್ಕ.

ಹತ್ತು ಮಕ್ಕಳಿಗೊಮ್ಮೆ ಒಂದು ಮಗುವನ್ನು ಇನ್ನೊಬ್ಬರು ಅಳೆದು ನೋಡಬೇಕೆಂಬ ನಿಯಮ ಈ ವರ್ಷದ್ದು. ಅದಕ್ಕಾಗಿ ಆಸ್ಪತ್ರೆಯಿಂದ ಬರುವ ಸರ್ ಐವತ್ತು ದಾಟಿದವರು, ಮಾತು ತೂಗಿ ಆಡುವವರು. ಆ ಮಂಗಳವಾರ ಹತ್ತನೆಯ ಮಗುವಾಗಿ ಸಿಕ್ಕಿದ್ದು ಇದೇ ಹುಡುಗಿ. ಮಣೆ ಇಟ್ಟಾದ ಮೇಲೆ ಗೂಟದಕ್ಕ ಗೋಡೆಗೆ ಒರಗಿ ನಿಂತರು, ಸರ್ ಎರಡೂ ಕೈ ಅಳೆದರು. ಎಡಗೈ ನಲವತ್ತೈದು.

“ಒಂಬತ್ತು ಸೆಕೆಂಡು ಹೆಚ್ಚು,” ಎಂದರು ಸರ್.

“ಇವತ್ತು ಅವಳಿಗೆ ನಿದ್ದೆ ಕಡಿಮೆ ಆಗಿರಬೇಕು.”

“ಬಲಗೈ ಹೋದ ವಾರದಷ್ಟೇ ಬಂತಲ್ಲ ಮೇಡಂ. ನಿದ್ದೆ ಎಡಗೈಗೆ ಮಾತ್ರ ಕಡಿಮೆ ಆಗುತ್ತಾ?”

ಗಡಿಯಾರ ಬದಲಿಸಿ ನೋಡಿದರು, ವ್ಯತ್ಯಾಸ ಅದೇ. ಗೂಟ ಮುಟ್ಟಿದಾಗ ಗಡಿಯಾರ ಓಡಿಸಬೇಕೋ, ಹೊರಡು ಅಂದಾಗಲೋ ಎಂದು ಚರ್ಚಿಸಿದರು. ಅದು ಹೆಚ್ಚೆಂದರೆ ಅರೆ ಸೆಕೆಂಡಿನ ಮಾತು. ಕೊನೆಗೆ ಸರ್ ಹೇಳಿದಂತೆ ಗೂಟದಕ್ಕನೇ ಇನ್ನೊಮ್ಮೆ ಅಳೆದರು. ಮೂವತ್ತೇಳು.

ಹುಡುಗಿಗೆ ಬೇಸರ ಬಂದಿತ್ತು. “ಅಕ್ಕ ಹಲಗೆ ನನ್ನ ಈ ಕೈ ಕಡೆ ತಳ್ತಾರೆ. ಸರ್ ತಳ್ಳಲ್ಲ,” ಎಂದಳು. “ಸರ್ ಜಿಪುಣ.”

ಅಜ್ಜಿ ಮೊಮ್ಮಗಳ ತೊಡೆ ಚಿವುಟಿದರು. “ದೊಡ್ಡೋರಿಗೆ ಹಾಗನ್ನಬಾರದು ಕಣೇ.”

“ಅನ್ನಲಿ ಬಿಡಿ, ಮನೇಲೂ ಇದೇ ಬಿರುದು,” ಎಂದರು ಸರ್. ಅವರು ನಗಲಿಲ್ಲ. ಮೇಜಿಗೆ ಮುಖ ತಗ್ಗಿಸಿ ಬೆಳಕಿಗೆ ಓರೆಯಾಗಿ ನೋಡುತ್ತಿದ್ದರು.

ಗೂಟದಕ್ಕನೂ ಬಗ್ಗಿ ನೋಡಿದರು. ಮೇಜಿನ ನಡುವಿನಿಂದ ಎಡಕ್ಕೂ ಬಲಕ್ಕೂ ಎರಡು ಬೆರಳು ಅಗಲ ಹಲಗೆಯ ಕಾಲುಗಳು ಎಳೆದ ಗೀರು, ಬಂಡಿಯ ಜಾಡಿನಂತೆ. ಹಲಗೆ ಮಗುವಿನ ಮೂಗಿನ ನೇರಕ್ಕೆ ಇರಬೇಕು. ನಿಯಮದ ಮೊದಲ ಸಾಲೇ ಅದು, ಅವರಿಗೆ ಬಾಯಿಪಾಠ. ಬಾಯಿಗೆ ಗೊತ್ತಿದ್ದದ್ದನ್ನು ಕೈ ಕೇಳಿರಲಿಲ್ಲ. ಮಂದವಾದ ಕೈ ತಡಕಾಡತೊಡಗಿದೊಡನೆ ಅವರ ಹೆಬ್ಬೆರಳು ಹಲಗೆಯನ್ನು ಆ ಕಡೆಗೆ ಸರಿಸುತ್ತಿತ್ತು. ಎಷ್ಟು ವರ್ಷದಿಂದ ಎಂಬುದನ್ನು ಗೀರಿನ ಆಳ ಹೇಳುತ್ತಿತ್ತು.

ಅವರ ಅಪ್ಪ ದರ್ಜಿ. ಮಕ್ಕಳ ಬಟ್ಟೆಗೆ ಅಳತೆ ತೆಗೆಯುವಾಗ ಟೇಪಿನಡಿ ಎರಡು ಬೆರಳು ತೂರಿಸಿಕೊಂಡೇ ಹಿಡಿಯುತ್ತಿದ್ದರು. ಬೆಳೆಯೋ ಮೈ, ಬಿಗಿ ಹಿಡೀಬಾರದು ಅನ್ನುವುದು ಅವರ ವಾದ. ಆ ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುತ್ತ ಬೆಳೆದ ಮಗಳಿಗೆ ಸಡಿಲ ಬಿಡುವುದು ತಪ್ಪೆಂದು ಯಾವತ್ತೂ ಅನಿಸಿರಲಿಲ್ಲ. ಬಟ್ಟೆಯಲ್ಲಿ ಬಿಟ್ಟ ಎರಡು ಬೆರಳು ಮಗುವಿನದೇ ಆಗುತ್ತಿತ್ತು. ಇಲ್ಲಿ ಬಿಟ್ಟದ್ದು ಮಗುವಿನ ಎರಡು ಗಂಟೆಯನ್ನು ಕಿತ್ತುಕೊಳ್ಳುವುದರಲ್ಲಿತ್ತು.

ಸರ್ ಜೇಬಿನಿಂದ ಅಂಟುಪಟ್ಟಿ ತೆಗೆದು ಹಲಗೆಯನ್ನು ಮೇಜಿನ ನಡುವೆ ಅಂಟಿಸಿದರು. ಹುಡುಗಿ ನೀರು ಕುಡಿದು, ಹೊರಗೆ ಒಂದು ಸುತ್ತು ಓಡಿ ಬಂದಳು. ಗೂಟದಕ್ಕ ಅಳೆದಾಗ ನಲವತ್ನಾಲ್ಕು, ಸರ್ ಅಳೆದಾಗ ನಲವತ್ತಾರು. ಅಳೆಯುವಾಗ ಗೂಟದಕ್ಕ ತಮ್ಮ ಎಡಗೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು. ಒಂದು ಗೂಟ ಬಿದ್ದಾಗ ಆ ಕೈ ಕದಲಿದ್ದು ಅವರಿಗೆ ತಿಳಿಯಿತು.

“ಹಾಗಾದ್ರೆ ನಮ್ಮ ಹುಡುಗಿ ಪಾಸೋ ಫೇಲೋ?” ಎಂದು ಅಜ್ಜಿ ಕೇಳಿದರು.

“ಅವಳು ಪಟ್ಟಿಯಲ್ಲೇ ಇರ್ತಾಳೆ ಅಮ್ಮ. ಫೇಲಾದದ್ದು ನಾನು.”

“ಮಕ್ಕಳು ಅಂದ್ರೆ ಕೈ ತಾನಾಗೇ ಮುಂದೆ ಹೋಗುತ್ತೆ. ಗುಂಡಿ ಹಾಕ್ಕೊಳ್ತೀನಿ ಅಂತ ಇವಳು ಹಟ ಹಿಡಿದಾಗ ನನ್ನ ಕೈ ಸುಮ್ಮನೆ ಇರುತ್ತಾ?” ಎಂದು ಹೇಳಿ ಅಜ್ಜಿ ಮೊಮ್ಮಗಳ ಚೀಲ ಎತ್ತಿಕೊಂಡರು.

ಅವರು ಹೋದ ಮೇಲೆ ಗೂಟದಕ್ಕ ಬೀರು ತೆರೆದು ವರ್ಷದ ಫಾರಂಗಳನ್ನು ಹರಡಿದರು. ಒಂಬತ್ತು ಸೆಕೆಂಡು ಕೂಡಿಸಿದರೆ ನಲವತ್ತು ದಾಟುವಂತೆ, ಮೂವತ್ತೆರಡಕ್ಕೂ ನಲವತ್ತಕ್ಕೂ ನಡುವೆ ಬಂದು ಪಟ್ಟಿಯಿಂದ ಇಳಿದವರು ಆರು ಮಕ್ಕಳು. ಆರು ಫಾರಂಗಳ ಕೆಳಗೂ ಅವರದೇ ಸಹಿ. ಆ ಮಕ್ಕಳ ಅಪ್ಪ ಅಮ್ಮಂದಿರು ಅವರ ಕೈ ಕುಲುಕಿ ಹೋದವರು.

“ಈ ಹುಡುಗಿದು ತಿದ್ದಿದ್ದೀವಿ,” ಎಂದರು ಸರ್. “ಇನ್ಮೇಲೆ ಹಲಗೆ ಅಂಟಿಸಿ ಅಳೀರಿ. ಹಳೇದನ್ನ ಕೆದಕಿದ್ರೆ ನಿಮ್ಮ ಹನ್ನೊಂದು ವರ್ಷದ ಅಂಕಿ ಅಷ್ಟೂ ಅನುಮಾನಕ್ಕೆ ಬೀಳುತ್ತೆ. ಯೋಚನೆ ಮಾಡಿ.”

“ಅನುಮಾನ ಇರೋದು ಮೇಜಿನ ಮೇಲೇ ಬರೆದಿದೆಯಲ್ಲ ಸರ್.”

“ಮೇಜನ್ನ ಯಾರೂ ಓದಲ್ಲ.”

“ನಾವಿಬ್ಬರೂ ಓದಿಬಿಟ್ಟೆವಲ್ಲ.”

ಗೂಟದಕ್ಕ ಕಚೇರಿಗೆ ಒಂದು ಪುಟದ ಪತ್ರ ಬರೆದರು. ಏನು ತಪ್ಪಾಯಿತು, ಎಷ್ಟು ಬೆರಳು, ಯಾವ ಆರು ಮಕ್ಕಳು. ಕ್ಷಮೆಯ ಮಾತು ಒಂದೇ ಸಾಲು, ಅದನ್ನೂ ಕೊನೆಯಲ್ಲಿ ಬರೆದರು. ಯಾರೂ ಕೇಳದೆಯೇ ಸರ್ ಪೆನ್ನು ತೆಗೆದುಕೊಂಡು ಎರಡನೆಯ ಸಹಿ ಹಾಕಿದರು.

ಗುರುವಾರ ಉತ್ತರ ಬಂತು. ಮುಂದಿನ ಆದೇಶದವರೆಗೆ ಗೂಟದಕ್ಕ ಒಬ್ಬರೇ ಯಾವ ಮಗುವನ್ನೂ ಅಳೆಯುವಂತಿಲ್ಲ. ಸೋಮವಾರದಿಂದ ಆರೂ ಮಕ್ಕಳನ್ನು ಮತ್ತೆ ಕರೆಸಲಾಗುತ್ತದೆ. ಸರ್ ಅಳೆಯುತ್ತಾರೆ, ಗೂಟದಕ್ಕ ಫಾರಂ ತುಂಬುತ್ತಾರೆ.