ಲತಾಮಣಿಯ ಹುಳುಮನೆಗೆ ಬಂದ ಎರಡು ಮಿಷನ್ನು

ಕೈಲಾಂಚದ ಲತಾಮಣಿಗೆ ಖುಷಿಪಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ರೇಷ್ಮೆಯ ಮರಿ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ಬರುವ ದಿನವೆಂದರೆ ಬೆಳಗಿನ ಕಾಫಿ ಕುಡಿಯುವುದನ್ನೇ ಮರೆಯುವ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತಾರು ವರ್ಷ ರೇಷ್ಮೆ ಹುಳು ಸಾಕಿದ್ದಾಳೆ. ಎಷ್ಟು ಬೆಳೆ ತೆಗೆದಳೋ ಅವಳಿಗೇ ನೆನಪಿಲ್ಲ. ಆದರೂ ಅಕ್ಕಿ ಕಾಳಿನಷ್ಟುದ್ದದ ಆ ಹುಳುಗಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ತಲೆಯೆತ್ತಿದಾಗ ಅವಳ ಮುಖ ನೋಡಬೇಕು, ಮೊದಲ ಮೊಮ್ಮಗುವನ್ನು ಕಂಡ ಅಜ್ಜಿಯ ಹಾಗೆ ಅರಳಿರುತ್ತದೆ.

ಅಂಥವಳ ಮಂಡಿ ಒಂದು ವರ್ಷದಿಂದ ಕೈಕೊಟ್ಟಿತ್ತು. ಹುಳುಮನೆಯಲ್ಲಿ ನೆಲದಿಂದ ಎದೆಯೆತ್ತರದವರೆಗೆ ನಾಲ್ಕು ಅಂತಸ್ತಿನ ಸ್ಟ್ಯಾಂಡುಗಳಿವೆ. ಮೇಲಿನ ಮೂರಕ್ಕೆ ತೊಂದರೆಯಿಲ್ಲ. ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು, ಕೂತ ಮೇಲೆ ಏಳಬೇಕು. ಕೂರುವಾಗ ಒಂದು ಸಲ ಅಮ್ಮಾ ಎನ್ನುತ್ತಿದ್ದಳು, ಏಳುವಾಗ ಎರಡು ಸಲ. ಹೋದ ಬೆಳೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಕೆಳಗಿನ ಅಂತಸ್ತನ್ನು ಆಯ್ದು ಮುಗಿಸಲು ಅವಳಿಂದ ಆಗಲೇ ಇಲ್ಲ. ಹಣ್ಣುಹುಳು ಯಾರಿಗೂ ಕಾಯುವುದಿಲ್ಲ. ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡುವಷ್ಟರಲ್ಲಿ ಅರ್ಧ ಹುಳು ಸೊಪ್ಪಿನ ಕಡ್ಡಿಗಳ ನಡುವೆಯೇ ಗೂಡು ಕಟ್ಟಿ ಹಾಳುಮಾಡಿಬಿಟ್ಟವು.

ಗಂಡ ಕೆಂಪರಾಜು ಬಿಡದಿಯ ಫ್ಯಾಕ್ಟರಿಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾನೆ. ಕೆಟ್ಟವನಲ್ಲ, ಹೆಂಡತಿ ನರಳುವುದನ್ನು ನೋಡಲಾರದವನು. ಹುಳು ಸಾಕುವುದು ನಿಲ್ಲಿಸೋಣ ಎಂದ. ಬಿಡದಿಯ ರಾಮಲಿಂಗಯ್ಯ ಎಂಬಾತ ರಟ್ಟಿನ ಪೆಟ್ಟಿಗೆ ತುಂಬಿಡಲು ಜಾಗ ಹುಡುಕುತ್ತಿದ್ದಾನೆ, ಹುಳುಮನೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂದ. ಲತಾಮಣಿ ಹುಳುಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತನ್ನ ಹುಳುಮನೆಯಲ್ಲಿ ಖಾಲಿ ಪೆಟ್ಟಿಗೆಗಳೇ? ಅವಳು ಪಟ್ಟು ಹಿಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಸಂಕ್ರಾಂತಿ ಆದ ಮೇಲೆ ಹಣ್ಣಾಗುವ ಬೆಳೆಯಲ್ಲಿ ಕೆಳಗಿನ ಅಂತಸ್ತನ್ನು ಅವಳೇ ಕೂತು ಆಯ್ದರೆ ಹುಳುಮನೆ ಅವಳದ್ದು, ಇಲ್ಲವಾದರೆ ರಾಮಲಿಂಗಯ್ಯನದ್ದು.

ದಸರಾ ಕಳೆದ ವಾರವೇ ಅವಳು ರಾಮನಗರಕ್ಕೆ ಹೋಗಿ ಫಿಸಿಯೋಥೆರಪಿ ಮಾಡುವ ತಾಹೇರಾ ಮೇಡಂ ಮುಂದೆ ಕೂತಳು. ಮೇಡಂ ತೂಕ ನೋಡಿದರು, ಎಂಬತ್ನಾಲ್ಕು ಕೆಜಿ. ಮಂಡಿ ಒತ್ತಿ ನೋಡಿದರು. ಇನ್ನೂ ಸವೆದು ಹೋಗಿಲ್ಲ, ಭಾರ ತಡೆಯಲಾರದೆ ಕೂಗುತ್ತಿದೆ ಅಷ್ಟೆ, ಏಳು ಕೆಜಿ ಇಳಿಸಿ, ತೊಡೆಗೆ ಬಲ ತುಂಬಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. ಲತಾಮಣಿ ಬಸ್ಸಿನಲ್ಲಿ ಪಕ್ಕದವಳಿಗೂ ಹೇಳಿಕೊಂಡು ಬಂದಳು, ಬರೀ ಏಳೇ ಕೆಜಿಯಂತೆ.

ಮಾರನೆಯ ಬೆಳಿಗ್ಗೆ ನಡೆಯಲು ಹೊರಟಳು. ನಮ್ಮ ಕಡೆ ಸುಮ್ಮನೆ ನಡೆಯುವುದೆಷ್ಟು ಕಷ್ಟ ಎಂಬುದು ನಡೆದವರಿಗೇ ಗೊತ್ತು. ಹಾದುಹೋಗುವ ಪ್ರತಿಯೊಂದು ಬೈಕೂ ನಿಲ್ಲುತ್ತದೆ. ಎಲ್ಲಿಗೆ ಹೊರಟಿರಿ ಅಕ್ಕಾ, ಹತ್ತಿಕೊಳ್ಳಿ ಎನ್ನುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಮೊದಲ ದಿನ ಇಬ್ಬರನ್ನು ನೋಯಿಸಬಾರದೆಂದು ಬೈಕು ಹತ್ತಿ, ವಾಕಿಂಗನ್ನು ಬೈಕಿನಲ್ಲೇ ಮುಗಿಸಿದಳು. ಎರಡನೆಯ ದಿನ ಗಟ್ಟಿಮನಸ್ಸು ಮಾಡಿ ಐದು ಜನಕ್ಕೆ ಒಲ್ಲೆ ಎಂದಳು. ಸಂಜೆಯೊಳಗೆ, ಲತಾಮಣಿ ಗಂಡನ ಜೊತೆ ಜಗಳವಾಡಿ ತವರಿಗೆ ನಡೆದುಕೊಂಡೇ ಹೊರಟಿದ್ದಳಂತೆ ಎಂಬ ಸುದ್ದಿ ಅತ್ತೆ ವೆಂಕಟಲಕ್ಷ್ಮಮ್ಮನ ಕಿವಿಗೆ ಬಿತ್ತು. ಮೂರನೆಯ ದಿನ ಊರಾಚೆಯ ಬಂಡೆಯ ಹತ್ತಿರ ಚಿರತೆ ಕಂಡಿತೆಂದು ಯಾರೋ ಹೇಳಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು, ವಾಕಿಂಗು ಅಲ್ಲಿಗೆ ಮುಗಿಯಿತು.

ಮನೆಯೊಳಗೇ ನಡೆಯುವ ಮಿಷನ್ ತರೋಣ ಎಂದು ಕೆಂಪರಾಜು ಹೇಳಿದ್ದು ಆಗಲೇ. ಆ ಭಾನುವಾರ ಇಬ್ಬರೂ ರಾಮನಗರದ ಮೈಸೂರು ರಸ್ತೆಯಲ್ಲಿರುವ ನರೇಂದ್ರನ ಅಂಗಡಿಗೆ ಹೋದರು. ನರೇಂದ್ರ ಎರಡು ಮಿಷನ್ ತೋರಿಸಿದ. ಒಂದು ಟ್ರೆಡ್‌ಮಿಲ್, ಕೆಳಗೆ ಪಟ್ಟಿ ಓಡುತ್ತಿರುತ್ತದೆ, ನಾವು ಅದರ ಮೇಲೆ ನಡೆಯುತ್ತಿರಬೇಕು. ಇನ್ನೊಂದು ಎಲಿಪ್ಟಿಕಲ್, ಎರಡು ಅಗಲದ ಪೆಡಲಿನ ಮೇಲೆ ನಿಂತು, ಎರಡು ಉದ್ದದ ಹಿಡಿಗಳನ್ನು ಹಿಂದೆ ಮುಂದೆ ಆಡಿಸುತ್ತಾ ಕಾಲು ತಿರುಗಿಸಬೇಕು. ನಡಿಗೆ ಎಲ್ಲರಿಗೂ ಬರುತ್ತದೆ, ಟ್ರೆಡ್‌ಮಿಲ್ಲನ್ನು ಕಲಿಯಬೇಕಾಗಿಲ್ಲ. ಆದರೆ ಮಂಡಿ ನೋವಿದ್ದರೆ ಎಲಿಪ್ಟಿಕಲ್ ಮೃದು, ಹೆಜ್ಜೆ ಎತ್ತಿ ಕುಕ್ಕುವುದೇ ಇರುವುದಿಲ್ಲ. ನರೇಂದ್ರ ಮುಚ್ಚುಮರೆಯಿಲ್ಲದೆ ಎರಡರ ಗುಣವನ್ನೂ ಹೇಳಿದ. ತಾಹೇರಾ ಮೇಡಂ ಕೂಡ ಫೋನಿನಲ್ಲಿ ಎರಡನೆಯದೇ ಒಳ್ಳೆಯದೆಂದರು. ಕೆಂಪರಾಜು ಮಾತ್ರ ಆ ಉದ್ದದ ಹಿಡಿಗಳನ್ನು ನೋಡಿ ಮೂಗು ಮುರಿದ. ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ, ಇದೆಂಥ ಗಾಡಿ ಎಂದ. ಅದೂ ಅಲ್ಲದೆ ಅವನ ಚಿಕ್ಕಪ್ಪನ ಮಗನ ಮನೆಯಲ್ಲಿ ಟ್ರೆಡ್‌ಮಿಲ್ ಇತ್ತು. ಲತಾಮಣಿಗೋ ಯಾವುದಾದರೂ ಸರಿ, ಇವತ್ತೇ ಮನೆಗೆ ಬಂದರೆ ಸಾಕಾಗಿತ್ತು.

ಟ್ರೆಡ್‌ಮಿಲ್ ಬಂತು. ಅಷ್ಟು ಉದ್ದದ ಮಿಷನ್ ಇಡಲು ಮನೆಯಲ್ಲಿ ಜಾಗವಿಲ್ಲ. ಬೆಳೆ ಮುಗಿದು ಹುಳುಮನೆ ಖಾಲಿಯಿತ್ತು, ಸಿಮೆಂಟಿನ ನೆಲ, ಒಳ್ಳೆ ಗಾಳಿ. ಅಲ್ಲೇ ಇಟ್ಟರು. ಅವಳು ಸೆರಗು ಸಿಕ್ಕಿಸಿ, ಮಗಳು ಬಿಟ್ಟುಹೋದ ಶೂ ಹಾಕಿಕೊಂಡು ಹತ್ತಿದಳು. ಮೊದಲ ದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಹತ್ತು ನಿಮಿಷ, ನಾಲ್ಕನೆಯ ದಿನ ಅರ್ಧ ಗಂಟೆ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ, ಯಾವ ಬೈಕೂ ನಿಲ್ಲಲಿಲ್ಲ. ಒಂದು ವಾರಕ್ಕೆ ಒಂದು ಕೆಜಿ ಇಳಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಕಾಲಿನ ಮಂಡಿ ಸಂಜೆಯಾದರೆ ಊದುತ್ತಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ. ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಂಡು ಸುಮ್ಮನಿದ್ದಳು.

ಅಷ್ಟರಲ್ಲಿ ಹೊಸ ಬೆಳೆಗೆ ಚಾಕಿ ಹುಳು ಬರುವ ದಿನ ಹತ್ತಿರವಾಯಿತು. ಹುಳು ಬರುವ ಮುಂಚೆ ಹುಳುಮನೆಯನ್ನು ತೊಳೆಯಬೇಕು. ನೀವು ಅಂದುಕೊಂಡ ಹಾಗೆ ನೀರು ಚೆಲ್ಲಿ ಗುಡಿಸುವುದಲ್ಲ. ಬ್ಲೀಚಿಂಗ್ ಪೌಡರ್, ಸುಣ್ಣದ ತಿಳಿ ಬೆರೆಸಿ, ಪಂಪಿನಲ್ಲಿ ಗೋಡೆ, ಸೂರು, ಸ್ಟ್ಯಾಂಡು, ಬಲೆ, ಚಂದ್ರಿಕೆ ಒಂದನ್ನೂ ಬಿಡದೆ ತೋಯಿಸಬೇಕು. ಹೋದ ಬೆಳೆಯ ರೋಗ ಒಂದು ಕಡ್ಡಿಯಲ್ಲಿ ಉಳಿದರೂ ಹೊಸ ಹುಳು ಉಳಿಯುವುದಿಲ್ಲ. ಒಳಗಿದ್ದದ್ದೆಲ್ಲ ತೊಳೆಯಬೇಕೆಂಬುದು ಇಪ್ಪತ್ತಾರು ವರ್ಷದಿಂದ ಅವಳ ಕೈಗೆ ಅಭ್ಯಾಸವಾದ ನಿಯಮ. ಆ ದಿನ ಒಳಗೆ ಟ್ರೆಡ್‌ಮಿಲ್ಲೂ ಇತ್ತಲ್ಲ!

ಜಾಣೆ, ಮೊದಲು ಪ್ಲಗ್ ಕಿತ್ತಳು. ಆಮೇಲೆ ತಲೆಯಿಂದ ಕಾಲಿನವರೆಗೆ, ಪಟ್ಟಿಯ ಅಡಿಗೆ, ಮೋಟಾರಿನ ಮುಚ್ಚಳದ ಸಂದಿಗೆ, ಎಲ್ಲೂ ಬಿಡದಂತೆ ಪಂಪು ಹಿಡಿದಳು. ಹಬ್ಬಕ್ಕೆ ಎಮ್ಮೆ ತೊಳೆದಷ್ಟು ಶ್ರದ್ಧೆಯಿಂದ ತೊಳೆದು, ಎರಡು ದಿನ ಬಿಸಿಲಿಗಿಟ್ಟಳು. ಮೂರನೆಯ ದಿನ ಸ್ವಿಚ್ ಹಾಕಿದಾಗ ಚಟ್ ಎಂದು ಒಂದು ಶಬ್ದ, ಸುಟ್ಟ ವಾಸನೆ, ಅಷ್ಟೆ. ಪಟ್ಟಿ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು.

ಡ್ಯೂಟಿ ಮುಗಿಸಿ ಬಂದ ಕೆಂಪರಾಜು ನೋಡಿದ. ಬೆಳ್ಳಗಾದ ಪಟ್ಟಿಯ ಮೇಲೆ ಬೆರಳಾಡಿಸಿದ. ಆಮೇಲೆ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ ಅವಳ ಕಾಲ ಕಡೆ ನೋಡಿದಾಗ ದನಿ ಮೆತ್ತಗಾಯಿತು.

"ಮಿಷನ್ ಹೋದ್ರೆ ಹೋಗ್ಲಿ ಬುಡು. ಮಂಡಿ ಊದೋದ್ನ ನಾನ್ ನೋಡಿಲ್ಲ ಅಂದ್ಕಂಡಿದ್ದೀಯಾ? ಸಾಕು ಕಣಮ್ಮಿ. ರಾಮಲಿಂಗಯ್ಯ ನಿನ್ನೆನೂ ಫೋನ್ ಮಾಡಿದ್ದ."

ಆ ಮಾತು ಅವಳಿಗೆ ಚುಚ್ಚಿತು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ, ಎಮ್ಮೆ ಹಾಲಿನ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ರಾಮನಗರದ ಬಸ್ಸು ಹತ್ತಿದಳು. ನರೇಂದ್ರನಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅವನು ನಗು ತಡೆಯಲು ಕ್ಯಾಲೆಂಡರಿನ ಕಡೆ ತಿರುಗಿದ. ಹಳೆಯದನ್ನು ತಂದು ರಿಪೇರಿ ಮಾಡಿಸಿಕೊಳ್ಳುತ್ತೇನೆ, ಮೇಲಷ್ಟು ದುಡ್ಡು ಕೊಟ್ಟರೆ ಇನ್ನೊಂದನ್ನು ಕೊಡುತ್ತೇನೆ ಎಂದ. ಲತಾಮಣಿ ಎಲಿಪ್ಟಿಕಲ್ಲಿನ ಸುತ್ತ ಒಂದು ಸುತ್ತು ಬಂದಳು, ಹಸು ಕೊಳ್ಳುವವರ ಹಾಗೆ.

"ಇದ್ಕೆ ಕರೆಂಟ್ ಬೇಕಾ?"

ಬೇಡ, ಪರದೆಗೆ ಎರಡು ಸೆಲ್ಲು ಸಾಕು ಎಂದ ನರೇಂದ್ರ.

"ಇದ್ನ ತೊಳೀಬೌದಾ?"

ಹನ್ನೊಂದು ವರ್ಷದ ವ್ಯಾಪಾರದಲ್ಲಿ ಜನ ಅವನನ್ನು ಎಷ್ಟು ಕ್ಯಾಲೊರಿ ಕರಗುತ್ತದೆಂದು ಕೇಳಿದ್ದರು, ಹಾಡು ಬರುತ್ತದೆಯೇ ಎಂದೂ ಕೇಳಿದ್ದರು. ಇದನ್ನು ಕೇಳಿದವರಿಲ್ಲ.

"ಒದ್ದೆ ಬಟ್ಟೇಲಿ ಒರೆಸ್ಬೋದು ಅಕ್ಕ. ಸ್ನಾನ ಮಾತ್ರ ಮಾಡಿಸ್ಬೇಡಿ."

ಅವಳು ಹತ್ತಿ ನಿಂತಳು. ಮೊದಲು ಪೆಡಲು ಹಿಂದಕ್ಕೆ ಓಡಿತು, ಬಿದ್ದೇಹೋದೆ ಎನಿಸಿತು. ನಾಲ್ಕು ಸುತ್ತು ತಿರುಗಿಸಿದ ಮೇಲೆ ಕೈಯೂ ಕಾಲೂ ಒಂದೇ ಲಯಕ್ಕೆ ಬಂದವು. ಪಾದ ಮೇಲೇಳಲೇ ಇಲ್ಲ, ಮಂಡಿಗೆ ಕುಕ್ಕಲಿಲ್ಲ. ಐದೇ ನಿಮಿಷಕ್ಕೆ ಬೆವರು ಕಿತ್ತುಕೊಂಡು ಬಂತು. ಎರಡರಲ್ಲಿ ಯಾವುದರಲ್ಲಿ ಬೇಗ ತೂಕ ಇಳಿಯುತ್ತದೆಂದು ಕೇಳಿದ್ದಕ್ಕೆ ನರೇಂದ್ರ ನಿಜವನ್ನೇ ಹೇಳಿದ. ಸುರಿಸಿದ ಬೆವರು ಒಂದೇ ಆದರೆ ಇಳಿಯುವ ತೂಕದಲ್ಲಿ ಅಂಥ ವ್ಯತ್ಯಾಸವೇನಿಲ್ಲ, ನಾಳೆಯೂ ಹತ್ತಬೇಕೆನಿಸುವ ಮಿಷನ್ ಯಾವುದೋ ಅದೇ ನಿಮ್ಮದು ಎಂದ. ಲತಾಮಣಿಗೆ ನಾಳೆಯವರೆಗೆ ಕಾಯುವುದೇ ಕಷ್ಟವಾಗಿತ್ತು.

ಈ ಸಲ ಮಿಷನ್ ಹುಳುಮನೆಯ ಒಳಗೆ ಹೋಗಲಿಲ್ಲ. ಮುಂದಿನ ಸೊಪ್ಪಿನ ಕೋಣೆಯಲ್ಲಿ ಕೂತಿತು. ಅಲ್ಲಿ ಅದಕ್ಕೊಂದು ವೇಳೆಯೂ ತಾನಾಗಿಯೇ ಸಿಕ್ಕಿತು. ಹುಳುವಿಗೆ ದಿನಕ್ಕೆ ಮೂರು ಹೊತ್ತು ಸೊಪ್ಪು ಹಾಕಬೇಕು, ಅದನ್ನು ಯಾರೂ ನೆನಪಿಸಬೇಕಾಗಿಲ್ಲ. ಪ್ರತಿ ಸಲ ಸೊಪ್ಪು ಹಾಕಿ ಹೊರಗೆ ಬಂದ ಕೂಡಲೇ ಹತ್ತು ನಿಮಿಷ ಮಿಷನ್ ಹತ್ತುವುದೆಂದು ಮಾಡಿಕೊಂಡಳು. ಹುಳು ಉಪವಾಸ ಇರುವುದಿಲ್ಲ, ಹಾಗಾಗಿ ಮಿಷನ್ನೂ ತಪ್ಪುವುದಿಲ್ಲ. ಹತ್ತು ನಿಮಿಷ ಹದಿನೈದಾಯಿತು, ಇಪ್ಪತ್ತಾಯಿತು. ಎರಡು ಮುದ್ದೆ ಒಂದಾಯಿತು, ಸೊಪ್ಪಿನ ಸಾರು ಹೆಚ್ಚಾಯಿತು. ಅತ್ತೆ ಸೊಪ್ಪಿನ ಕಂತೆ ಬಿಚ್ಚುತ್ತಾ ಎದುರಿಗೇ ಕೂತು ಉಸ್ತುವಾರಿ ನೋಡಿಕೊಂಡರು. ಒಂದು ನಿಮಿಷ ಮುಂಚೆ ಇಳಿದರೆ ಗಡಿಯಾರ ತೋರಿಸುತ್ತಿದ್ದರು. ಯಾರೂ ಇಲ್ಲದಾಗ ತಾವೂ ಒಂದು ಸಲ ಹತ್ತಿ ಇಳಿದಿದ್ದರು. ಅವರ ಎಲೆಅಡಿಕೆ ಸಂಚಿ ಪೆಡಲಿನ ಹತ್ತಿರ ಸಿಕ್ಕಿದ್ದಕ್ಕೇ ಅದು ಗೊತ್ತಾಗಿದ್ದು.

ಆ ಬೆಳೆಯಲ್ಲಿ ಕೆಳಗಿನ ಅಂತಸ್ತಿಗೆ ಕೂಲಿಯವರನ್ನೇ ಕರೆದರು. ತೂಕ ಎಂಬತ್ತೊಂದಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ಎಪ್ಪತ್ತೊಂಬತ್ತಕ್ಕೆ ಬಂದು ಹಠ ಹಿಡಿದು ನಿಂತುಬಿಟ್ಟಿತು. ಮೂರು ವಾರ ಅಲ್ಲಾಡಲಿಲ್ಲ. ಲತಾಮಣಿ ಮೊದಲ ಸಲ ಕಣ್ಣೀರು ಹಾಕಿದಳು. ತಾಹೇರಾ ಮೇಡಂ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಕೈ ಊರದೆ ಎದ್ದು ನಿಲ್ಲಿ ಎಂದರು. ಎದ್ದಳು. ಇನ್ನೊಮ್ಮೆ ಎಂದರು. ಹತ್ತು ಸಲ ಎದ್ದಳು. ತೂಕದ ಮಿಷನ್ನಿಗೆ ಇದು ಕಾಣಿಸುವುದಿಲ್ಲ ಲತಕ್ಕ ಎಂದು ಮೇಡಂ ನಕ್ಕರು.

ಸಂಕ್ರಾಂತಿ ಬಂತು, ಹೋಯಿತು. ತೂಕ ಎಪ್ಪತ್ತೆಂಟು. ಏಳಕ್ಕೆ ಇನ್ನೂ ಒಂದು ಕೆಜಿ ಬಾಕಿ. ಸೋಮವಾರ ಜಾಗ ನೋಡಲು ಬರುತ್ತೇನೆಂದು ರಾಮಲಿಂಗಯ್ಯ ಹೇಳಿಕಳಿಸಿದ್ದ. ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದು, ವಾರವಿಡೀ ಮಳೆ ಸುರಿದಂಥ ಸದ್ದು ಮಾಡುತ್ತಾ ಸೊಪ್ಪು ತಿಂದು, ಭಾನುವಾರ ಬೆಳಿಗ್ಗೆ ಒಮ್ಮೆಲೇ ಮೇವು ಬಿಟ್ಟವು. ಮೈ ಗಾಜಿನಂತಾಗಿ ಹಳದಿಗೆ ತಿರುಗಿತ್ತು.

"ಅತ್ತೆ, ಹುಳ ಹಣ್ಣಾಗವೆ," ಎಂದು ಒಳಗಿನಿಂದ ಕೂಗಿದ ಲತಾಮಣಿಯ ದನಿ ಬೀದಿಯವರೆಗೂ ಕೇಳಿಸಿತು.

ಕೂಲಿಯವರು ಬರುವುದು ಒಂಬತ್ತಕ್ಕೆ. ಅವಳು ಕಾಯಲಿಲ್ಲ. ಮೇಲಿನ ಮೂರು ಅಂತಸ್ತನ್ನು ಅವರಿಗೇ ಬಿಟ್ಟು, ಮೊದಲ ಸ್ಟ್ಯಾಂಡಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹಣ್ಣುಹುಳುಗಳನ್ನು ಬೊಗಸೆಯಲ್ಲಿ ಆಯ್ದು ತಟ್ಟೆಗೆ ಹಾಕಿದಳು. ತಟ್ಟೆ ತುಂಬಿತು. ಕಂಬ ಹಿಡಿಯಲಿಲ್ಲ, ಕೈ ಊರಲಿಲ್ಲ, ಎದ್ದು ನಿಂತಳು. ಮಂಡಿ ತುಸು ಗೊಣಗಿತು, ಕೂಗಲಿಲ್ಲ. ಎರಡನೆಯ ಸ್ಟ್ಯಾಂಡು, ಮೂರನೆಯದು. ಕೂತಳು, ಎದ್ದಳು, ಕೂತಳು, ಎದ್ದಳು. ಒಂದು ಅಮ್ಮಾ ಕೂಡ ಕೇಳಿಸಲಿಲ್ಲ.

ಕೆಂಪರಾಜು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಚಂದ್ರಿಕೆ ಹೊತ್ತುಕೊಂಡು ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ರಾಮಲಿಂಗಯ್ಯ ಕೇಳುತ್ತಿದ್ದ. ಹೆಂಡತಿಯ ಮೇಲಿನ ಕಣ್ಣು ತೆಗೆಯದೆ ಕೆಂಪರಾಜು ಹೇಳಿದ:

"ಬರ್ಬ್ಯಾಡ ಕಣಣ್ಣ. ಹುಳುಮನೆ ಖಾಲಿ ಇಲ್ಲ. ಒಳಗೆ ನಮ್ ಲತಾ ಅವ್ಳೆ."

ಲತಾಮಣಿಗೆ ಅದು ಕೇಳಿಸಿತು. ಕಣ್ಣು ಮಂಜಾಯಿತು. ಆದರೆ ಬೊಗಸೆಯ ತುಂಬ ಹುಳುವಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಿಂತು ನೋಡಿದ್ದು ಸಾಕು, ಚಂದ್ರಿಕೆ ಕೊಡಿ ಎಂದು ಗಂಡನನ್ನು ಗದರಿ, ಕೊನೆಯ ಸ್ಟ್ಯಾಂಡಿನ ಮುಂದೆ ಮತ್ತೆ ಕೂತಳು.