ಸೈಕಲ್ ಹೊತ್ತವರನ್ನು ಎಣಿಸಿದ ಮಂಗಳವಾರ

ಕಳೆದ ತಿಂಗಳ ಎರಡನೇ ಮಂಗಳವಾರ, ಬೆಳಗ್ಗೆ ಏಳೂಮುಕ್ಕಾಲಿಗೆ, ಚಂದಾಪುರದಾಚೆಯ ದೊಡ್ಡ ರಸ್ತೆಯಲ್ಲಿ ಒಂದು ಸೈಕಲ್ ಮನುಷ್ಯನ ಮೇಲೆ ಕೂತು ರಸ್ತೆ ದಾಟಿತು.

ಉತ್ಪ್ರೇಕ್ಷೆಯಲ್ಲ. ಕಣ್ಣಾರೆ ಕಂಡಿದ್ದೇನೆ, ಸಮಯ ಬರೆದುಕೊಂಡಿದ್ದೇನೆ. ಮನುಷ್ಯನ ಹೆಸರು ಶರಣಪ್ಪ. ಊರು ಕೊಪ್ಪಳದ ಕಡೆ. ಬಾಡಿಗೆ ರೂಮು ರಸ್ತೆಯ ಈಚೆ, ಕೆಲಸ ರಸ್ತೆಯಾಚೆಯ ನಟ್ಟು ಬೋಲ್ಟಿನ ಫ್ಯಾಕ್ಟರಿಯಲ್ಲಿ. ನಡುವೆ ಸೊಂಟದೆತ್ತರದ ಡಿವೈಡರ್. ಸೈಕಲ್ ತುಳಿದುಕೊಂಡೇ ಆಚೆ ಹೋಗಬೇಕೆಂದರೆ ಎರಡು ಕಿಲೋಮೀಟರ್ ದೂರದ ಫ್ಲೈಓವರ್ ಕೆಳಗೆ, ಕಂಟೇನರ್ ಲಾರಿಗಳ ನಡುವೆ ಯೂ ಟರ್ನ್ ಹೊಡೆಯಬೇಕು. ಅಲ್ಲಿ ಲಾರಿಯವನಿಗೆ ಸೈಕಲ್ ಕಾಣುವುದಿಲ್ಲ. ಸೈಕಲಿನವನಿಗೆ ಲಾರಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಆದ್ದರಿಂದ ಶರಣಪ್ಪ ಸೈಕಲನ್ನು ಹೆಗಲಿಗೇರಿಸಿ, ಬುತ್ತಿ ಚೀಲವನ್ನು ಹಲ್ಲಿನಲ್ಲಿ ಕಚ್ಚಿ, ಡಿವೈಡರ್ ಹತ್ತಿ ಇಳಿಯುತ್ತಾರೆ. ಅವರ ಹಿಂದೆ ಇಡೀ ಜನರಲ್ ಶಿಫ್ಟು ಹೀಗೇ ಹತ್ತಿ ಇಳಿಯುತ್ತದೆ.

ಈ ಜಾಗದಲ್ಲಿ ಡಿವೈಡರ್ ಒಡೆದು ಒಂದು ಸಿಗ್ನಲ್ ಹಾಕಿ. ನಮ್ಮ ಹೋರಾಟದ ಬೇಡಿಕೆ ಇಷ್ಟೇ. (ಹೌದು, ನಾನೂ ಆ ಹೋರಾಟದಲ್ಲಿದ್ದೇನೆ. ಓದುಗರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.) ಮನವಿಗೆ ಮೊದಲ ಸಹಿ ಶರಣಪ್ಪನವರದ್ದು.

ಮನವಿ ಹಿಡಿದು ಹೋದಾಗ ಹೆದ್ದಾರಿ ಕಚೇರಿಯ ಎಂಜಿನಿಯರ್ ಕಾಫಿ ಕೊಟ್ಟೇ ಮಾತಾಡಿದರು. “ಸಾರ್, ಎಲ್ರೂ ಸಿಗ್ನಲ್ ಕೇಳ್ತಾರೆ. ದೇವಸ್ಥಾನದವ್ರು ಕೇಳ್ತಾರೆ, ಬಿರಿಯಾನಿ ಅಂಗಡಿಯವ್ರು ಕೇಳ್ತಾರೆ. ನಂಗೆ ಡೇಟಾ ಬೇಕು. ಎಷ್ಟು ಜನ ಸೈಕಲ್ ಸವಾರರು ದಾಟ್ತಾರೆ, ಎಣಿಸ್ಕೊಂಡು ಬನ್ನಿ. ನೂರು ದಾಟಿದ್ರೆ ಫೈಲ್ ಮೂವ್ ಮಾಡ್ತೀನಿ.”

ನ್ಯಾಯವಾದ ಮಾತು. ಎಣಿಸುವುದೇನು ಮಹಾ?

ನಮ್ಮ ಹೋರಾಟದ ಮುಂದಾಳು ರೂಪಾ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವರು. ಎಣಿಸುವುದೆಂದರೆ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುವುದು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಮೊದಲು ಡೆಫಿನಿಷನ್ ಬೇಕಂತೆ. ಮೂರು ಸಂಜೆ ಆನ್‌ಲೈನ್ ಮೀಟಿಂಗ್ ನಡೆಯಿತು. ಸೈಕಲ್ ಸವಾರ ಎಂದರೆ ಯಾರು? ತಳ್ಳಿಕೊಂಡು ಹೋಗುವವನು ಸವಾರನೆ? ಕ್ಯಾರಿಯರ್ ಮೇಲೆ ಕೂತ ಹೆಂಡತಿ? ಚೈನ್ ಕಳಚಿ ನಿಂತವನು? ಹದಿನಾಲ್ಕು ಪುಟದ ದಾಖಲೆ, ನಾಲ್ಕನೇ ಆವೃತ್ತಿಯ ಹೊತ್ತಿಗೆ, ಈ ವಾಕ್ಯಕ್ಕೆ ಬಂದು ನಿಂತಿತು: ‘ಎಣಿಕೆಯ ಕ್ಷಣದಲ್ಲಿ ಎರಡೂ ಪಾದ ನೆಲದಿಂದ ಮೇಲಿದ್ದು, ಸೈಕಲ್ ಮೇಲೆ ಕುಳಿತಿರುವ ವ್ಯಕ್ತಿ.’

ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ. ವಾಕ್ಯ ಬಿಗಿಯಾಗಿತ್ತು ಕಣ್ರೀ!

ಆ ಜಾಗದಲ್ಲಿ ಸೈಕಲ್ ಮೇಲೆ ಕುಳಿತು ದಾಟುವವರೇ ಇಲ್ಲ, ನಮ್ಮ ಹೋರಾಟ ಇರುವುದೇ ಅದಕ್ಕಾಗಿ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮಂಗಳವಾರ ಡಿವೈಡರ್ ಪಕ್ಕ ನನ್ನ ಡ್ಯೂಟಿ. ಮೊಬೈಲಿನಲ್ಲಿ ರೂಪಾ ಮಾಡಿಕೊಟ್ಟ ಫಾರಂ. ಅದರಲ್ಲಿ ಮೂರು ಬಟನ್: ಸೈಕಲ್ ಸವಾರ, ಪಾದಚಾರಿ, ಸಾಮಾನು ಹೊತ್ತ ಪಾದಚಾರಿ. ಮೊದಲಿಗೆ ಬಂದವರು ಶರಣಪ್ಪ. ನನ್ನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ರೂಪಾಗೆ ಫೋನ್ ಮಾಡಿದೆ.

“ಮೇಡಂ, ಇಲ್ಲಿ ಸೈಕಲ್ಲೂ ಇದೆ, ಮನುಷ್ಯನೂ ಇದಾನೆ. ಆದ್ರೆ ಮೇಲೆ ಕೆಳಗೆ ಆಗಿದೆ.”

“ಪಾದ ನೆಲದ ಮೇಲಿದ್ಯಾ ಸಾರ್?”

“ಇದೆ.”

“ಹಂಗಾದ್ರೆ ಸವಾರ ಅಲ್ಲ. ಮಧ್ಯದಲ್ಲಿ ಡೆಫಿನಿಷನ್ ಚೇಂಜ್ ಮಾಡಿದ್ರೆ ಡೇಟಾ ಪೂರ್ತಿ ಹಾಳು. ಮೂರನೇ ಬಟನ್ ಒತ್ತಿ.”

ಒತ್ತಿದೆ. ಒಪ್ಪಿಕೊಂಡ ನಿಯಮವನ್ನು ಅರ್ಧದಲ್ಲಿ ಬದಲಿಸಬಾರದು ಎಂದು ಸುದ್ದಿಮನೆಯಲ್ಲಿ ಇಪ್ಪತ್ತಾರು ವರ್ಷ ಕಿರಿಯರಿಗೆ ಪಾಠ ಹೇಳಿದವನು ನಾನು.

ಶರಣಪ್ಪ ಸೈಕಲ್ ಹೊತ್ತೇ ಮೊಬೈಲಿನೊಳಗೆ ಇಣುಕಿದರು. ಚೀಲವನ್ನು ಹಲ್ಲಿನಿಂದ ಬಿಡಿಸಿ ಕೇಳಿದರು: “ಏನ್ ಒತ್ತಿದ್ರಿ ಸರ?”

ಹೇಳಿದೆ.

“ಸಾಮಾನಾ? ಇದು ನನ್ನ ಸೈಕಲ್ ರೀ! ನಿನ್ನೆ ಸಂಜೀಕ ಎಣ್ಣಿ ಬಿಟ್ಟೀನಿ ಇದಕ್ಕ.”

“ನಿಯಮ ಹಾಗಿದೆ ಶರಣಪ್ಪನವ್ರೇ. ಸೈಕಲ್ ಮೇಲೆ ಕೂತಿರಬೇಕು.”

“ಹಂಗಾದ್ರ ನೀವು ಸೈಕಲ್ ಗಟ್ಟಿ ಹಿಡ್ಕೊಂಡ್ ನಿಲ್ರಿ. ನಾ ಹತ್ತಿ ಕುಂಡ್ರತೀನಿ. ಆಮ್ಯಾಲ ಒತ್ರಿ.”

ಹಿಡಿದುಕೊಂಡೆ. ಅವರು ಹತ್ತಿ ಕೂತರು. ಎರಡೂ ಪಾದ ನೆಲದಿಂದ ಮೇಲೆ. ಎಲ್ಲವೂ ನಿಯಮದ ಪ್ರಕಾರ. ಆದರೆ ನನ್ನ ಎರಡೂ ಕೈ ಸೈಕಲಿನ ಮೇಲೆ. ಬಟನ್ ಒತ್ತುವವರು ಯಾರು? ಪಕ್ಕದಲ್ಲಿ ಹಾದುಹೋದ ಬಸ್ಸಿನಿಂದ ಕಂಡಕ್ಟರ್ ತಲೆ ಹೊರಗೆ ಹಾಕಿದ: “ಏನ್ ಗುರು, ಸರ್ಕಸ್ಸಾ? ಆನೆ ಎಲ್ಲಿ?”

ಅಷ್ಟರಲ್ಲಿ ಫ್ಯಾಕ್ಟರಿಯ ಸೈರನ್ ಕೂಗಿತು. ಶರಣಪ್ಪ ಇಳಿದು, ಸೈಕಲ್ ಹೊತ್ತು ಓಡಿದರು.

ಒಂಬತ್ತೂವರೆಗೆ ಎಣಿಕೆ ಮುಗಿಯಿತು. ಸಾಮಾನು ಹೊತ್ತ ಪಾದಚಾರಿಗಳು: ನೂರಾ ಹದಿನಾರು. ಸೈಕಲ್ ಸವಾರರು: ಮೂರು. ಮೂವರಲ್ಲಿ ಇಬ್ಬರು ಎಣಿಸಲು ಬಂದಿದ್ದ ನಮ್ಮವರೇ, ರಸ್ತೆ ಬದಿಯಲ್ಲಿ ಸೈಕಲ್ ಏರಿ ಕೂತು ಫೋಟೊ ತೆಗೆಸಿಕೊಂಡವರು. ಮೂರನೆಯವರು ದಾರಿ ತಪ್ಪಿ ಬಂದವರು, ನನ್ನನ್ನೇ ಅತ್ತಿಬೆಲೆಗೆ ದಾರಿ ಕೇಳಿದರು.

ಈ ವರದಿಯನ್ನು ಕಳಿಸದೆ ನಮ್ಮಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ? ಹೋರಾಟಗಾರನಿಗೆ ಸಾಧ್ಯವಿತ್ತು. ಪತ್ರಕರ್ತನಿಗೆ ಆಗಲಿಲ್ಲ. ಮೇಲಿಂದ ಮೇಲೆ ತಾಳೆ ನೋಡಿ, ಸಹಿ ಮಾಡಿ ಕಳಿಸಿದೆ. ಜೊತೆಗೆ ಎರಡು ಪುಟದ ವಿವರಣೆ ಇಟ್ಟೆವು. ವಿವರಣೆಯನ್ನು ಯಾರೂ ಓದಲಿಲ್ಲ. ಕೋಷ್ಟಕವನ್ನು ಓದಿದರು.

ಹತ್ತು ದಿನದಲ್ಲಿ ಕ್ರಮ ಜರುಗಿತು. (ಸರ್ಕಾರಿ ಕೆಲಸ ನಿಧಾನ ಎನ್ನುವವರು ಗಮನಿಸಿ.) ಅದೇ ಜಾಗದಲ್ಲಿ ಹಳದಿ ಬೋರ್ಡ್ ಬಂತು: ‘ಸಾಮಾನು ಹೊತ್ತು ರಸ್ತೆ ದಾಟಬಾರದು. ತಪ್ಪಿದಲ್ಲಿ ದಂಡ.’

ಓಡಿಹೋದೆವು. ಎಂಜಿನಿಯರ್ ಈ ಬಾರಿಯೂ ಕಾಫಿ ಕೊಟ್ಟರು. “ಇದು ನಿಮ್ಮ ಸೈನ್ ತಾನೆ ಸಾರ್?”

ನನ್ನದೇ.

“ಸೈಕಲ್ ಸವಾರರು ಮೂರು. ಮೂರು ಜನಕ್ಕೆ ಸಿಗ್ನಲ್ ಹಾಕಿದ್ರೆ ನನ್ನ ಟ್ರಾನ್ಸ್‌ಫರ್ ಆಗತ್ತೆ.”

ರೂಪಾ ಐದನೇ ಆವೃತ್ತಿ ಬರೆಯಲು ಕೂತರು. ಶರಣಪ್ಪ ಎರಡು ದಿನ ಯೋಚಿಸಿ, ಗುಜರಿಯಿಂದ ಇನ್ನೊಂದು ಹಳೆಯ ಸೈಕಲ್ ತಂದರು. ಈಗ ಈಚೆ ಒಂದು, ಆಚೆ ಒಂದು. ರೂಮಿನಿಂದ ತುಳಿದುಕೊಂಡು ಬರುತ್ತಾರೆ, ಬೀಗ ಹಾಕುತ್ತಾರೆ, ಡಿವೈಡರ್ ಹಾರುತ್ತಾರೆ, ಆಚೆಯದನ್ನು ಏರಿ ಹೋಗುತ್ತಾರೆ.

“ಬೋರ್ಡಿಗೆ ಮರ್ಯಾದಿ ಕೊಡಬೇಕಲ್ರೀ” ಎಂದರು.

“ಬರಿಗೈಯಲ್ಲಿ ದಾಟೋದು ಸುಲಭ ಆಯ್ತಾ?”

“ಎಲ್ಲಿ ಸುಲಭ ಸರ? ಹೆಗಲ ಮ್ಯಾಲ ಸೈಕಲ್ ಇದ್ದಾಗ ಬಸ್ಸಿನವ್ರು ನೋಡಿ ನಗ್ತಿದ್ರು. ನಕ್ಕಾವ್ರು ಬ್ರೇಕ್ ಹಾಕ್ತಿದ್ರು. ಈಗ ಯಾರೂ ನಗಂಗಿಲ್ಲ.”

ಕಳೆದ ವಾರದ ಹೊತ್ತಿಗೆ ಇಡೀ ಶಿಫ್ಟು ಶರಣಪ್ಪನವರ ದಾರಿ ಹಿಡಿದಿತ್ತು. ರಸ್ತೆಯ ಎರಡೂ ಬದಿಯಲ್ಲಿ ಬೀಗ ಹಾಕಿದ ಸೈಕಲ್‌ಗಳ ಸಾಲು. ಸೋಮವಾರ ಕಚೇರಿಯಿಂದ ಇಬ್ಬರು ಬಂದು ಅವುಗಳನ್ನು ಎಣಿಸಿದರು. ನಮ್ಮನ್ನು ಏನೂ ಕೇಳಲಿಲ್ಲ.

ಗುರುವಾರ ಬೆಳಗ್ಗೆ ರಸ್ತೆಯ ಎರಡೂ ಬದಿಯಲ್ಲಿ ಸೈಕಲ್ ಸ್ಟ್ಯಾಂಡಿಗೆ ಬಿಳಿ ಗೆರೆ ಎಳೆಯಲಾಗಿದೆ.