ನಮ್ಮ ಮನೆತನದ ಗದ್ದ

ಮೊದಲು ಹಲ್ಲುನೋವು ಅಂತಲೇ ಅಂದುಕೊಂಡೆ. ಲವಂಗ ಇಟ್ಟೆ. ಉಪ್ಪುನೀರು ಕೊಟ್ಟೆ. ಬೈದೆ ಕೂಡ. ಹತ್ತೊಂಬತ್ತು ವರ್ಷದ ಮಗಳು ದಿನವಿಡೀ ಚಾಕೊಲೇಟ್ ತಿಂದರೆ ಇನ್ನೇನಾಗುತ್ತದೆ, ಮಾಡಿದ್ದುಣ್ಣೋ ಮಹಾರಾಯ ಎಂದೆ. ಜೋಗೇಶ್ವರಿಯ ಡೆಂಟಿಸ್ಟ್ ಎಕ್ಸ್-ರೇ ನೋಡಿ, ಹುಳುಕಿಲ್ಲ, ದವಡೆಯೇ ಸರಿಯಾಗಿ ಕೂತಿಲ್ಲ ಎಂದರು. ಸ್ನೇಹಾಳ ಕೆಳದವಡೆ ಮುಂದೆ ಬಂದಿದೆ, ಮುಂದಿನ ಹಲ್ಲುಗಳು ಕೂಡುವುದೇ ಇಲ್ಲ, ಭಾರವೆಲ್ಲ ಹಿಂದಿನ ಹಲ್ಲುಗಳ ಮೇಲೆ.

ಅವರು ಕಳಿಸಿದ ಅಂಧೇರಿಯ ಸರ್ಜನ್ ಹೆಂಗಸು, ಮೆತ್ತಗಿನ ಮಾತು. ಹಿಂದಿಯಲ್ಲಿ ಎರಡು ದಾರಿ ಹೇಳಿದರು. ಬರೀ ಬ್ರೇಸಸ್ ಹಾಕಿ ಹಲ್ಲುಗಳನ್ನು ವಾಲಿಸಿ ಹೊಂದಿಸಬಹುದು. ದವಡೆ ಮಾತ್ರ ಇದ್ದಲ್ಲೇ ಇರುತ್ತದೆ. ಇಲ್ಲವೇ ಒಂದೂವರೆ ವರ್ಷ ಬ್ರೇಸಸ್, ಆಮೇಲೆ ಆಪರೇಷನ್: ದವಡೆಯ ಎಲುಬು ಕತ್ತರಿಸಿ, ಹಿಂದೆ ಸರಿಸಿ, ಪ್ಲೇಟ್, ಸ್ಕ್ರೂ. ತುಟಿ, ಗದ್ದ ಜೋಮು ಹಿಡಿಯಬಹುದು. ಕೆಲವರಿಗೆ ಅದು ಹೋಗುವುದೇ ಇಲ್ಲ. ಎಂಟೊಂಬತ್ತು ವರ್ಷದವಳಿದ್ದಾಗ ಕರೆತಂದಿದ್ದರೆ ಬೇರೆ ಉಪಾಯ ನೋಡಬಹುದಿತ್ತು ಎಂದರು.

ಎಂಟನೇ ವರ್ಷದಲ್ಲಿ, ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ಶಾಲೆಯಿಂದ ಚೀಟಿ ಬಂದಿತ್ತು.

ಆಗ ನಮ್ಮತ್ತೆ, "ಅದು ನಮ್ಮ ಮನಿತನದ ಗದ್ದ. ಅದಕ್ಯಾತರ ದವಾಖಾನಿ?" ಅಂದಿದ್ದರು. ನಾನೂ ನಕ್ಕು ಸುಮ್ಮನಾಗಿದ್ದೆ.

ಆಮೇಲೆ ಒಂದು ಕಡೆ ಕೂತದ್ದು ನೆನಪಿಲ್ಲ. ಒಲೆ ಹಚ್ಚಿ ಮರೆಯುತ್ತಿದ್ದೆ. ಲೋಕಲ್ ರೈಲಿನಲ್ಲಿ ಎದುರಿಗೆ ಕೂತವರ ಗದ್ದಗಳನ್ನೇ ನೋಡುತ್ತಿದ್ದೆ. ಇನ್ನಿಬ್ಬರು ಡಾಕ್ಟರರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರೆ ಅವರ ಮೇಲೇ ಸಿಟ್ಟು. ಸ್ನೇಹಾ ಆಪರೇಷನ್ನೇ ಬೇಕು ಎಂದಳು. ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೂ ಅದೇ ಗದ್ದ. "ನನಗೂ ಹಿಂಗ ಐತಿ. ಐವತ್ತು ವರ್ಷ ಉಂಡಿಲ್ಲೇನು?" ಎಂದರು. ಬೇಡ ಎನ್ನಲು ನನಗೂ ಅಷ್ಟು ಸಾಕಿತ್ತು.

ಒಂದು ಭಾನುವಾರ ಮೂವರೂ ಊಟಕ್ಕೆ ಕೂತಾಗ ತಡೆಯದೆ ಕೇಳಿಯೇಬಿಟ್ಟೆ.

"ಮಾರಿ ಚಂದ ಕಾಣ್ಲಿ ಅಂತ ಎಲುಬು ಕೊಯ್ಸಿಕೊಳ್ತೀ ಏನ?"

"ಚಂದದ್ದು ಯಾರು ಕೇಳ್ಯಾರ, ಮಮ್ಮಿ? ನನಗ ಬೈಟ್ ಮಾಡಾಕ ಬರಂಗಿಲ್ಲ. ವಡಾಪಾವ್ ಸುದ್ದಾ ಕೈಲೆ ಹರಕೊಂಡ ತಿಂತೀನಿ. ಸಬ್ ದೇಖ್ತೇ ಹೈ, ಎಲ್ಲಾರೂ. ಕ್ಯಾಂಟೀನಿಗೆ ಹೋಗೂದ ಬಿಟ್ಟೀನಿ."

"ಯಾವಾಗಿಂದ?"

"ಹಮೇಶಾ ಸೇ. ಸಣ್ಣಾಕಿ ಇದ್ದಾಗಿಂದ."

ನಮ್ಮದು ವಿಜಯಪುರದ ಕಡೆಯ ಮನೆ. ಮೂರು ಹೊತ್ತೂ ಜೋಳದ ರೊಟ್ಟಿ. ರೊಟ್ಟಿಯನ್ನು ಎಲ್ಲರೂ ಕೈಯಿಂದಲೇ ಮುರಿದು, ಪಲ್ಯ ಹಚ್ಚಿ ಬಾಯಿಗಿಡುತ್ತೇವೆ. ಹಲ್ಲಿನಿಂದ ಕಚ್ಚಿದರೆ ಹಿರಿಯರು ಬೈಯುತ್ತಾರೆ. ಪೇರಲ ಹಣ್ಣನ್ನೂ ನಾನೇ ಹೆಚ್ಚಿ ಕೊಡುತ್ತಿದ್ದೆ. ಹತ್ತೊಂಬತ್ತು ವರ್ಷ ಉಣ್ಣಿಸಿದ ನನಗೆ ಮಗಳಿಗೆ ಕಚ್ಚಲು ಬರುವುದಿಲ್ಲ ಎಂಬುದು ಗೊತ್ತೇ ಇರಲಿಲ್ಲ.

ಗಂಡ ತಟ್ಟೆ ನೋಡುತ್ತಲೇ, "ನನಗೂ ಬರಂಗಿಲ್ಲ" ಎಂದರು.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಆ ಮಾತು ಅವರು ಅವತ್ತೇ ಮೊದಲು ಆಡಿದ್ದು.

ಮರುದಿನವೇ ಆಪರೇಷನ್ನಿನ ದಾರಿಗೆ ಒಪ್ಪಿದೆವು. ಬ್ರೇಸಸ್ಸಿನ ಒಂದೂವರೆ ವರ್ಷ ಹೇಗೋ ಕಳೆಯಿತು. ಆಪರೇಷನ್ ಮುಗಿದು ಹೊರಬಂದಾಗ ಬಾವಿನಲ್ಲಿ ಮಗಳ ಗುರುತೇ ಸಿಗಲಿಲ್ಲ. ಒಪ್ಪಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ. ವಾರಗಟ್ಟಲೆ ಎಲ್ಲವನ್ನೂ ಮಿಕ್ಸರ್‌ಗೆ ಹಾಕಿ ತೆಳ್ಳಗೆ ಮಾಡಿಕೊಟ್ಟೆ. ಬಾವು ಇಳಿಯಿತು, ಹಲ್ಲುಗಳು ಕೂಡಿದವು. ಆದರೆ ಎಡಗಡೆಯ ತುಟಿ, ಗದ್ದಕ್ಕೆ ಸ್ಪರ್ಶವೇ ಇರಲಿಲ್ಲ. ಗಂಜಿ ಸೋರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಒರೆಸಲು ಹೋದರೆ ಮುಖ ತಿರುಗಿಸುತ್ತಿದ್ದಳು. ಮೊದಲಿನ ಗದ್ದವನ್ನೇ ಹಾಗೇ ಬಿಡಬೇಕಿತ್ತೇ ಎಂದು ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು.

ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ತುಟಿಯ ಮೂಲೆ ಇನ್ನೂ ಜೋಮಾಗಿಯೇ ಇದೆ. ಅದು ಹಾಗೇ ಉಳಿದರೆ ಉಳಿಯಲಿ ಎನ್ನುವಷ್ಟು ಧೈರ್ಯ ನನಗೆ ಬಂದಿಲ್ಲ, ಸ್ನೇಹಾಳಿಗೆ ಬಂದಿದೆ. ಹೋದ ವಾರ ಡಾಕ್ಟರ್ ಅವಳ ಕಣ್ಣು ಮುಚ್ಚಿಸಿ, ಸೂಜಿಯ ಮೊನೆಯನ್ನು ಎಡಗಡೆಯ ಗದ್ದದ ಮೇಲೆ ತಾಗಿಸುತ್ತ ಹೋದರು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಸ್ನೇಹಾ ತಟ್ಟನೆ ಹಿಂದೆ ಸರಿದು, "ನೋಯ್ತು" ಎಂದಳು.

ಡಾಕ್ಟರರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು ನನ್ನ ಗಂಡ, "ಇನ್ನೊಮ್ಮೆ ಚುಚ್ಚಿ ನೋಡ್ರಿ" ಎಂದರು.

ಸ್ನೇಹಾಳೇ ಗದ್ದ ಮುಂದೆ ಮಾಡಿ ಅದೇ ಮಾತನ್ನು ಹಿಂದಿಯಲ್ಲಿ ಹೇಳಿದಳು.